ಕೂಸಿಗೆ ಶೇಂಗಾ ಯಾವಾಗ: ಅಮೆರಿಕಕ್ಕೆ ಹೊರಟ ಗಂಗಾವತಿಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಮಗುವಿಗೆ ಈಗ ಐದು ತಿಂಗಳು. ಇನ್ನೆರಡು ತಿಂಗಳಿಗೆ ಗಂಗಾವತಿ ಬಿಟ್ಟು ಡಲ್ಲಾಸ್‌ಗೆ ಹೊರಡಬೇಕು. ಅಲ್ಲಿ ಮಕ್ಕಳಿಗೆ ಶೇಂಗಾ ಅಲರ್ಜಿ ಜಾಸ್ತಿ, ಡೇಕೇರ್‌ಗೆ ಶೇಂಗಾ ತರುವ ಹಾಗಿಲ್ಲ ಅಂತ ನಿನ್ನ ಯಜಮಾನರು ಹೇಳಿದ್ದಾರೆ. ಅದೇ ಊರಿನ ಡಾಕ್ಟರು ಮಾತ್ರ ಆರು ತಿಂಗಳಿಗೇ ಪೀನಟ್ ಬಟರ್ ತಿನ್ನಿಸಿ ಅನ್ನುತ್ತಾರಂತೆ. ಮನೆಯಲ್ಲಿ ಅತ್ತೆಯವರು ಹಲ್ಲು ಬರುವ ತನಕ ಶೇಂಗಾ ಬೇಡವೇ ಬೇಡ, ಪಿತ್ತ ಆಗುತ್ತೆ ಅನ್ನುತ್ತಿದ್ದಾರೆ. ಯಾರ ಮಾತು ಕೇಳಲಿ ಅಂತ ನಿನ್ನ ಚಿಂತೆ.

ನಾನು ಸಿಂಧನೂರಿನವಳು. ಮದುವೆಯಾಗಿ ಅಮೆರಿಕಕ್ಕೆ ಬಂದು ಇಲ್ಲೇ ನೆಲೆ ನಿಂತೆ, ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಶೇಂಗಾ ತಡ ಮಾಡಬೇಡ. ಆರು ತಿಂಗಳ ಆಸುಪಾಸಿಗೆ ಶುರು ಮಾಡು, ಶುರು ಮಾಡಿದ ಮೇಲೆ ನಿಲ್ಲಿಸಬೇಡ.

ಅತ್ತೆಯವರ ಜೊತೆ ಇದಕ್ಕಾಗಿ ಜಗಳ ಬೇಡ. ಅವರ ಹಾಗೇ ಇಲ್ಲಿನ ಡಾಕ್ಟರುಗಳೂ ಒಂದು ಕಾಲಕ್ಕೆ ಹೇಳುತ್ತಿದ್ದರು. ಅಮೆರಿಕದ ಮಕ್ಕಳ ಡಾಕ್ಟರರ ಸಂಘ 2000ದಲ್ಲಿ, ಅಲರ್ಜಿ ಬರುವ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವ ತನಕ ಶೇಂಗಾ ಕೊಡಬೇಡಿ ಅಂದಿತ್ತು. ಅದರಿಂದ ಲಾಭ ಆಗುತ್ತೆ ಅನ್ನುವುದಕ್ಕೆ ಆಧಾರ ಸಿಗದೆ 2008ರಲ್ಲಿ ಆ ಮಾತು ಕೈಬಿಟ್ಟಿತು. ಅದೇ ವರ್ಷ ಲಂಡನ್ನಿನ ಗಿಡಿಯಾನ್ ಲ್ಯಾಕ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಗಾರರು ಒಂದು ವಿಷಯ ಬಯಲಿಗೆ ತಂದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಶೇಂಗಾ ಅಲರ್ಜಿ ಇತ್ತು. ಜನ ಒಂದೇ ಮೂಲದವರು, ಊರು ಬೇರೆ, ಊಟ ಬೇರೆ. ಇಸ್ರೇಲಿನಲ್ಲಿ ಬಾಂಬಾ ಅಂತ ಶೇಂಗಾದ ತಿಂಡಿ ಇದೆ. ಬಾಯಲ್ಲಿ ಇಟ್ಟರೆ ಕರಗುತ್ತೆ. ಅದನ್ನು ಕೂಸುಗಳಿಗೇ ಕೊಡುತ್ತಾರೆ. ನಾವು ಶೇಂಗಾ ತಿಂದು ಬೆಳೆದ ಸೀಮೆಯವರು, ನಮ್ಮ ಮಕ್ಕಳಿಗೆ ಇದೆಲ್ಲ ಬರಲ್ಲ ಅನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಆಮೇಲೆ ಲ್ಯಾಕ್ ಮತ್ತು ಜೊತೆಗಾರರು 640 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 4ರಿಂದ 11 ತಿಂಗಳಿನವರು. ಎಲ್ಲರಿಗೂ ಜೋರಾದ ಇಸುಬು, ಇಲ್ಲವೇ ಮೊಟ್ಟೆ ಅಲರ್ಜಿ, ಇಲ್ಲವೇ ಎರಡೂ ಇತ್ತು. ಅರ್ಧ ಮಕ್ಕಳಿಗೆ ವಾರಕ್ಕೆ ಮೂರು ಸಲವಾದರೂ ಶೇಂಗಾ ತಿನ್ನಿಸಿದರು, ಇನ್ನರ್ಧ ಮಕ್ಕಳನ್ನು ಐದು ವರ್ಷ ತುಂಬುವ ತನಕ ಶೇಂಗಾದಿಂದ ದೂರ ಇಟ್ಟರು. 2015ರಲ್ಲಿ ಫಲಿತಾಂಶ ಬಂತು. ದೂರ ಇಟ್ಟವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ಮೂರೇ. ಆ ಮಕ್ಕಳು ಹದಿಹರೆಯಕ್ಕೆ ಬಂದ ಮೇಲೂ ತಿಂದವರಿಗೆ ಆ ರಕ್ಷಣೆ ಉಳಿದಿದೆ ಅಂತ 2024ರಲ್ಲಿ ತೋರಿಸಿದರು. ಅಮೆರಿಕದ ಡಾಕ್ಟರುಗಳು ಈಗ ಹೇಳುವುದು 2017ರಲ್ಲಿ ಬಂದ ಸೂಚನೆಯಂತೆ, ಅದಕ್ಕೆ ತಳಪಾಯ ಈ ಅಧ್ಯಯನ. ಇಷ್ಟು ಅತ್ತೆಯವರಿಗೆ ಸಮಾಧಾನದಿಂದ ಹೇಳು. ಮೊಮ್ಮಗುವಿನ ಒಳ್ಳೆಯದಕ್ಕೇ ಅಲ್ವಾ ಅವರೂ ಹೇಳುತ್ತಿರುವುದು.

ಈಗ ನೀನು ಕೇಳದೇ ಇದ್ದದ್ದು ಒಂದು. ಚರ್ಮ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ, ನಮ್ಮ ಕಡೆ ಇದನ್ನು ಯಾರೂ ಹೇಳುವುದಿಲ್ಲ.

ಶೇಂಗಾ ಮೊದಲು ಹೊಟ್ಟೆಗೆ ಹೋದರೆ ದೇಹ ಅದನ್ನು ಊಟ ಅಂತ ಒಪ್ಪಿಕೊಳ್ಳುತ್ತೆ. ಒಡೆದ, ಕೆರೆದ ಚರ್ಮದ ಮೂಲಕ ಮೊದಲು ಒಳಗೆ ಹೋದರೆ ಶತ್ರು ಅಂತ ತಿಳಿಯುತ್ತೆ. ಡಾಕ್ಟರುಗಳು ಅಲರ್ಜಿಯನ್ನು ಈಗ ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ. 2003ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ದದ್ದೆದ್ದ ಮೈಗೆ ಶೇಂಗಾ ಎಣ್ಣೆ ಇದ್ದ ಮುಲಾಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಈ ಅಲರ್ಜಿ ಜಾಸ್ತಿ ಕಂಡಿತ್ತು. ಈಗ ನಮ್ಮ ಮನೆಗಳನ್ನು ನೆನಸಿಕೋ. ಬೆಳಗ್ಗೆ ಶೇಂಗಾ ಹುರಿಯುತ್ತೇವೆ, ಸಿಪ್ಪೆ ತೂರುತ್ತೇವೆ, ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟುತ್ತೇವೆ. ಅದರ ಪುಡಿ ಕೈಯಲ್ಲಿ, ಸೆರಗಿನಲ್ಲಿ, ಹಾಸಿಗೆಯಲ್ಲಿ. ಅದೇ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳುತ್ತೇವೆ. ಕೂಸಿನ ಬಾಯಿಗೆ ಮಾತ್ರ ಒಂದು ಚೂರೂ ಶೇಂಗಾ ಹೋಗಿರುವುದಿಲ್ಲ.

ಹಾಗಂತ ಹಿಂಡಿ ಕುಟ್ಟುವುದು ಬಿಡಬೇಕಿಲ್ಲ. ಕುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದು ಕೂಸನ್ನು ಮುಟ್ಟು. ಎಣ್ಣೆ ನೀರು ಹಾಕುವಾಗ ಗಾಣದ ಶೇಂಗಾ ಎಣ್ಣೆ ಬೇಡ, ಕೊಬ್ಬರಿ ಎಣ್ಣೆ ಸಾಕು. ಕೆನ್ನೆ, ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಕೆಂಪಗೆ ಒರಟಾಗಿ ಕಂಡರೆ ಬಿಸಿಲಿನ ಬೊಕ್ಕೆ ಅಂತ ಸುಮ್ನೆ ಬಿಡಬೇಡ, ಮಕ್ಕಳ ಡಾಕ್ಟರಿಗೆ ತೋರಿಸು. ಇಸುಬು ಜೋರಾಗಿದ್ದರೆ, ಅಥವಾ ಮೊಟ್ಟೆಗೆ ಅಲರ್ಜಿ ಇದೆ ಅಂತ ಗೊತ್ತಿದ್ದರೆ, ಮನೆಯಲ್ಲಿ ನೀನಾಗಿ ಶೇಂಗಾ ಶುರು ಮಾಡಬೇಡ. ಅಂಥ ಮಕ್ಕಳಿಗೆ 4ರಿಂದ 6 ತಿಂಗಳ ಒಳಗೇ ಕೊಡುವುದು ಒಳ್ಳೆಯದು, ಆದರೆ ಮೊದಲು ರಕ್ತದ ಅಥವಾ ಚರ್ಮದ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಂತೆ. ಬಳ್ಳಾರಿಗೋ ಹುಬ್ಬಳ್ಳಿಗೋ ಒಂದು ಸಲ ಹೋಗಿ ಬರುವುದಾದರೂ ಸರಿ.

ನಿನ್ನ ಮಗುವಿಗೆ ಅಂಥದ್ದೇನೂ ಇಲ್ಲ ಅಂತ ಬರೆದಿದ್ದೀಯ. ಹಾಗಿದ್ದರೆ ಆರು ತಿಂಗಳಿಗೆ ರಾಗಿ ಸರಿ, ಅನ್ನ ಬೇಳೆ ರೂಢಿ ಮಾಡಿಸಿ, ಕತ್ತು ನಿಂತು ಆತುಕೊಂಡು ಕೂರುವುದು ಕಂಡ ಮೇಲೆ ಗಂಗಾವತಿಯಲ್ಲೇ ಶುರು ಮಾಡು. ಅಮೆರಿಕಕ್ಕೆ ಬಂದ ಮೇಲೆ ನೋಡೋಣ ಅನ್ನಬೇಡ. ಇಲ್ಲಿ ಇನ್ಶೂರೆನ್ಸ್ ಕಾರ್ಡು ಬಂದು, ಡಾಕ್ಟರ ಸಮಯ ಸಿಕ್ಕು, ಮನೆ ಒಂದು ಹದಕ್ಕೆ ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಹೊರಡುವ ಹಿಂದಿನ ದಿನವೂ ಬೇಡ, ವಿಮಾನದಲ್ಲಂತೂ ಮೊದಲ ಸಲ ಕೊಡಲೇಬೇಡ. ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಶುರುವಾಗಿರಲಿ.

ಪೀನಟ್ ಬಟರ್ ಡಬ್ಬಿ ಹುಡುಕಿಕೊಂಡು ಹೋಗಬೇಕಿಲ್ಲ. ಒಳ್ಳೆಯ ಶೇಂಗಾ ತೆಗೆದುಕೋ. ಕಪ್ಪಾದದ್ದು, ಸುರುಟಿದ್ದು, ಬೂಸ್ಟು ಹಿಡಿದದ್ದು ಒಂದೊಂದೇ ಆರಿಸಿ ಬಿಸಾಡು. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಮಿಕ್ಸಿಯಲ್ಲಿ ತನ್ನದೇ ಎಣ್ಣೆ ಬಿಟ್ಟುಕೊಂಡು ನುಣ್ಣಗಾಗುವ ತನಕ ತಿರುವು. ಉಪ್ಪು ಬೇಡ, ಬೆಲ್ಲ ಬೇಡ. ಜೇನುತುಪ್ಪ ಒಂದು ವರ್ಷದ ತನಕ ಯಾವುದರಲ್ಲೂ ಬೇಡ. ಅಮೆರಿಕದಲ್ಲಿ ಕೊಳ್ಳುವಾಗಲೂ ಶೇಂಗಾ ಒಂದನ್ನೇ ಹಾಕಿದ ಡಬ್ಬಿ ನೋಡಿ ಕೊಳ್ಳು. ಮೇಲೆ ಎಣ್ಣೆ ತೇಲುತ್ತಿದ್ದರೆ ಕೆಟ್ಟಿದೆ ಅಂತಲ್ಲ, ಕಲಕಿದರೆ ಆಯಿತು.

ಎರಡು ಚಹಾ ಚಮಚ ನುಣ್ಣನೆಯ ಶೇಂಗಾಕ್ಕೆ ಎರಡು ಮೂರು ಚಮಚ ಬಿಸಿನೀರು ಹಾಕಿ ತೆಳ್ಳಗೆ ಕದಡು, ಆರಿಸು. ಮಗು ಆರೋಗ್ಯವಾಗಿರುವ ದಿನ ಬೆಳಗಿನ ಹೊತ್ತು ನೋಡಿ ಕೊಡು. ಜ್ವರ, ನೆಗಡಿ, ಲಸಿಕೆ ಹಾಕಿಸಿದ ದಿನ ಬೇಡ. ಹೊಲ, ಜಾತ್ರೆ, ದೂರದ ಹಳ್ಳಿಯಲ್ಲಿ ಇರುವಾಗಲೂ ಬೇಡ, ಆಸ್ಪತ್ರೆ ಹತ್ತಿರ ಇರಲಿ. ಮೊದಲು ಚಮಚದ ತುದಿಯಷ್ಟು ನೆಕ್ಕಿಸು. ಹತ್ತು ನಿಮಿಷ ಕಾಯಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನಕ್ಕೆ ಕೊಟ್ಟು, ಎರಡು ತಾಸು ಮಗುವಿನ ಮೇಲೆ ಕಣ್ಣಿಟ್ಟಿರು. ಮೈಮೇಲೆ ಗಂಧೆ, ತುಟಿ ಕಣ್ಣು ಊದುವುದು, ವಾಂತಿ ಕಂಡರೆ ನಿಲ್ಲಿಸಿ ತಕ್ಷಣ ಡಾಕ್ಟರನ್ನು ಕೇಳು. ಬಿಟ್ಟೂ ಬಿಡದ ಕೆಮ್ಮು, ಉಸಿರಾಟದಲ್ಲಿ ಸುಂಯ್ ಶಬ್ದ, ಮಗು ಬಿಳಿಚಿಕೊಂಡು ಮೈ ಸಡಿಲ ಬಿಡುವುದು, ಮತ್ತೆ ಮತ್ತೆ ವಾಂತಿ ಕಂಡರೆ ಮನೆ ಮದ್ದು ನೋಡುತ್ತಾ ಕೂರಬೇಡ. ಅಲ್ಲಿ 108, ಇಲ್ಲಿ 911. ಮೊದಲ ಸಲ ಏನೂ ಆಗದಿದ್ದರೂ ಮುಂದಿನ ಕೆಲವು ಸಲ ಹೀಗೇ ಗಮನ ಕೊಡು.

ಆಮೇಲೆ ವಾರಕ್ಕೆ ಮೂರು ಸಲ, ಅಷ್ಟೇ ಪ್ರಮಾಣ. ವಾರಕ್ಕೆಲ್ಲ ಸೇರಿ ಸುಮಾರು 24 ಕಾಳಿನಷ್ಟಾಗುತ್ತೆ. ಒಂದು ಸಲ ತಿನ್ನಿಸಿ, ಏನೂ ಆಗಲಿಲ್ಲ ಅಂತ ತಿಂಗಳುಗಟ್ಟಲೆ ಬಿಡುವವರನ್ನು ಇಲ್ಲಿ ನೋಡಿದ್ದೇನೆ. ಅದರಿಂದ ಉಪಯೋಗ ಇಲ್ಲ. ಗಂಜಿಯಲ್ಲಿ, ಬಾಳೆಹಣ್ಣಿನಲ್ಲಿ, ಮೊಸರನ್ನದಲ್ಲಿ ಕಲಸಿಬಿಡು.

ಉಸಿರುಗಟ್ಟುವ ಅಪಾಯವನ್ನು ಮಾತ್ರ ಮರೆಯಬೇಡ. ಇಡೀ ಕಾಳು, ಅರ್ಧ ಕಾಳು, ಶೇಂಗಾ ಉಂಡಿ, ಚಿಕ್ಕಿ, ನಾಲ್ಕು ವರ್ಷದ ತನಕ ಯಾವುದೂ ಬೇಡ. ಗಟ್ಟಿ ಪೀನಟ್ ಬಟರನ್ನು ಚಮಚದಲ್ಲಿ ಹಾಗೇ ಬಾಯಿಗಿಟ್ಟರೆ ಗಂಟಲಿಗೆ ಅಂಟಿಕೊಳ್ಳುತ್ತೆ. ಒಣ ಪುಡಿಯನ್ನೂ ಹಾಗೇ ಬಾಯಿಗೆ ಹಾಕಬೇಡ. ವರ್ಷ ತುಂಬಿ ನಡೆದಾಡುವ ಮಕ್ಕಳಿಗೆ ಮೆತ್ತಗಿನ ಚಪಾತಿಗೆ ತೆಳ್ಳಗೆ ಸವರಿ ಕೊಡಬಹುದು. ಪಂಚಮಿಗೆ ಬಂದ ನೆಂಟರು ಪ್ರೀತಿಯಿಂದ ಉಂಡಿ ಮುರಿದು ಬಾಯಿಗಿಡುತ್ತಾರಲ್ಲ, ಅಂಥ ಕಡೆ ಮುಲಾಜು ನೋಡದೆ ಬೇಡ ಅನ್ನು.

ಡೇಕೇರ್ ವಿಷಯ. ಶೇಂಗಾ ಬೇಡ ಅನ್ನುವ ಡೇಕೇರ್‌ಗಳು ಇಲ್ಲಿ ತುಂಬಾ ಇವೆ. ಅದಕ್ಕೆ ನಿನ್ನ ಮಗುವಿಗೆ ಶೇಂಗಾ ನಿಲ್ಲಿಸಬೇಕಿಲ್ಲ. ಸಂಜೆ ಅಥವಾ ರಜೆಯ ದಿನ ಮನೆಯಲ್ಲಿ ಕೊಡು. ಬೆಳಗ್ಗೆ ಕೊಟ್ಟರೆ ಕೈ, ಬಾಯಿ ಸೋಪಿನಿಂದ ತೊಳೆದು ಬಟ್ಟೆ ಬದಲಿಸಿ ಕಳಿಸು. ಡಬ್ಬಿಗೆ ಮಾತ್ರ ಶೇಂಗಾ ಹಾಕಿದ್ದು ಏನನ್ನೂ ಕಟ್ಟಬೇಡ. ನಮ್ಮ ಪಲ್ಯ, ಚಿತ್ರಾನ್ನ, ಅವಲಕ್ಕಿ, ಎಲ್ಲದರಲ್ಲೂ ಶೇಂಗಾ ಬಿದ್ದಿರುತ್ತೆ. ಯಾರದೋ ಕೂಸು ಪಕ್ಕದ ಡಬ್ಬಿಗೆ ಕೈ ಹಾಕಿದರೆ ಅದರ ಪ್ರಾಣಕ್ಕೇ ಬರಬಹುದು. ಅಂಗಡಿಯಲ್ಲಿ ಪೊಟ್ಟಣದ ತಿಂಡಿ ಕೊಳ್ಳುವಾಗ ಹಿಂದೆ ಓದು. ಶೇಂಗಾ ಹಾಕಿದ್ದರೆ ಹೆಸರು ಹಾಕಲೇಬೇಕು ಅಂತ 2004ರ ಕಾನೂನಿದೆ. ಎಳ್ಳು 2023ರಿಂದ ಆ ಪಟ್ಟಿಗೆ ಸೇರಿದೆ.

ಶೇಂಗಾ ಮೂಟೆ ಕಟ್ಟಿ ತರಲೇ ಅಂತ ಕೊನೆಗೆ ಕೇಳಿದ್ದೀಯ. ಬೇಡ. ಡಲ್ಲಾಸ್‌ನ ಇಂಡಿಯನ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತೆ. ಆ ಜಾಗದಲ್ಲಿ ಮಗುವಿನ ಲಸಿಕೆ ಪುಸ್ತಕ ಇಟ್ಟುಕೋ. ಶೇಂಗಾ ಎಂದು ಶುರು ಮಾಡಿದೆ, ಎಷ್ಟು ಕೊಟ್ಟೆ, ಮೈಮೇಲೆ ಏನಾದರೂ ಎದ್ದಿತ್ತಾ ಅನ್ನುವುದನ್ನು ತಾರೀಕಿನ ಸಮೇತ ಅದರಲ್ಲೇ ಒಂದು ಚೀಟಿಯಲ್ಲಿ ಬರೆದಿಡು. ಇಲ್ಲಿನ ಡಾಕ್ಟರು ಮೊದಲ ದಿನವೇ ಕೇಳುತ್ತಾರೆ.