ಬ್ಯಾಚಿನ ಅತ್ಯುತ್ತಮ ಕೋಶ

(ಸಂಬಂಧಪಟ್ಟವರ ಒಪ್ಪಿಗೆಯಿಂದ ಬರೆದದ್ದು. ಗುರುತು ಹತ್ತದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆ ಪೆರೋವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತುವಿನಿಂದ ಮಾಡುವ ಸೌರಕೋಶಗಳ ಮೇಲೆ ಕೆಲಸ ಮಾಡುವ ಪೋಸ್ಟ್‌ಡಾಕ್ ಸಂಶೋಧಕಿ, ಅಂದರೆ ಪಿಎಚ್‌.ಡಿ. ಮುಗಿಸಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವವರು. ನಿದ್ದೆ ಬರುವುದಿಲ್ಲ ಎಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. ವಿಚಾರಿಸಿದಾಗ ತಿಳಿಯಿತು, ನಿದ್ದೆ ಬರುತ್ತಿತ್ತು, ಆಕೆಯೇ ಬಿಡುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ದೀಪದಡಿ ಇಟ್ಟ ಕೋಶದ ವಿದ್ಯುತ್ ಎಷ್ಟು ಇಳಿಯಿತೆಂದು ನಡುರಾತ್ರಿ ಎದ್ದೆದ್ದು ಮೊಬೈಲ್‌ನಲ್ಲಿ ನೋಡುತ್ತಿದ್ದರು. ಗೆರೆ ಕೆಳಕ್ಕೆ ಬಾಗಿದ್ದರೆ ಆ ರಾತ್ರಿ ಮುಗಿದಂತೆಯೇ.

ಈ ಕ್ಷೇತ್ರದ ಓಟ ಸಾಮಾನ್ಯದ್ದಲ್ಲ. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ತೋರಿಸಿದ ದಕ್ಷತೆ (ಬಿದ್ದ ಬೆಳಕಿನಲ್ಲಿ ವಿದ್ಯುತ್ ಆಗುವ ಪಾಲು) ಶೇ 3.8, ಈಗ ಸಣ್ಣ ಕೋಶಗಳ ದಾಖಲೆ ಶೇ 26ನ್ನು ದಾಟಿದೆ. "ಎಲ್ಲರೂ ಮುಂದೆ ಹೋದರು, ನಾನು ಹತ್ತೊಂಬತ್ತರಲ್ಲೇ ನಿಂತಿದ್ದೇನೆ ಮೇಡಂ" ಎಂದರು.

ಒಂದು ದಿನದ ಕೆಲಸವನ್ನು ವಿವರಿಸಿ ಎಂದೆ. ಟಿನ್ ಆಕ್ಸೈಡ್ ನ್ಯಾನೊ ಕಣಗಳ ಪದರವಿರುವ ಗಾಜಿನ ತುಂಡಿನ ಮೇಲೆ ದ್ರಾವಣ ಹಾಕಿ ಗಿರ್ರನೆ ತಿರುಗಿಸಬೇಕು, ತಿರುಗುತ್ತಿರುವಾಗಲೇ ಸರಿಯಾದ ಕ್ಷಣಕ್ಕೆ ಇನ್ನೊಂದು ದ್ರವವನ್ನು ಬಿಡಬೇಕು. ಕೆಲವೇ ಸೆಕೆಂಡು ಹೆಚ್ಚುಕಡಿಮೆಯಾದರೂ ಕನ್ನಡಿಯಂತೆ ಹೊಳೆಯಬೇಕಾದ ಕಪ್ಪು ಪದರ ಮಬ್ಬಾಗುತ್ತದೆ. ತೇವ ಸೋಕದಿರಲೆಂದು ಇದೆಲ್ಲ ನಡೆಯುವುದು ಸಾರಜನಕ ತುಂಬಿದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯಾದ ಗ್ಲೋವ್ ಬಾಕ್ಸ್‌ನೊಳಗೆ, ದಪ್ಪ ರಬ್ಬರ್ ಕೈಗವಸಿನಲ್ಲಿ. ಹೇಳುತ್ತ ಹೇಳುತ್ತ ಆಕೆಯ ಹೆಬ್ಬೆರಳು ಪಿಪೆಟ್ ಒತ್ತುವಂತೆ ಆಡತೊಡಗಿತು, ದನಿಗೆ ಕಸುವು ಬಂತು. ಕೆಲಸ ಬೇಡವಾಗಿಲ್ಲ ಎಂದು ಆಗಲೇ ಟಿಪ್ಪಣಿ ಮಾಡಿಕೊಂಡೆ. ದಣಿದವರಿಗೂ ಕೆಲಸವೇ ಬೇಡವಾದವರಿಗೂ ಒಂದೇ ಸಲಹೆ ನಡೆಯುವುದಿಲ್ಲ.

ಗಂಟು ಬೇರೆಡೆ ಇತ್ತು. ಈ ಕೋಶಗಳನ್ನು ಅಳೆಯುವಾಗ ವೋಲ್ಟೇಜನ್ನು ಮೇಲಿನಿಂದ ಇಳಿಸಿದರೆ ಒಂದು ದಕ್ಷತೆ, ಕೆಳಗಿನಿಂದ ಏರಿಸಿದರೆ ಇನ್ನೊಂದು ಬರುವುದುಂಟು. ಹೆಚ್ಚು ಬಂದದ್ದನ್ನಷ್ಟೇ, ಅದೂ ಒಟ್ಟಿಗೆ ತಯಾರಿಸಿದ ಬ್ಯಾಚಿನ ಅತ್ಯುತ್ತಮ ಕೋಶದ್ದನ್ನೇ ಪ್ರಬಂಧಕ್ಕೆ ಹಾಕಲು ಮಾರ್ಗದರ್ಶಕರು ಹೇಳಿದ್ದರು. ಒಪ್ಪಲು ಮನಸ್ಸಿಲ್ಲ. ಒಪ್ಪದಿರಲು ಧೈರ್ಯವಿಲ್ಲ, ಏಕೆಂದರೆ ಗುತ್ತಿಗೆಯ ನವೀಕರಣವೂ ಶಿಫಾರಸು ಪತ್ರವೂ ಅವರ ಕೈಯಲ್ಲೇ ಇವೆ. ಇದಕ್ಕೆ ಧ್ಯಾನ, ಪ್ರಾಣಾಯಾಮ ಎಂದು ಹೇಳಿ ಕಳುಹಿಸುವ ಸಲಹೆಗಾರರಿದ್ದಾರೆ; ನನಗೆ ಅದು ಜಾರಿಕೊಳ್ಳುವ ದಾರಿಯಾಗಿ ಕಾಣುತ್ತದೆ.

ಜೀವ ಬೇಡವೆನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಕೆಲವು ವಾರಗಳಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಮಾತಾಯಿತು. ಮೊಬೈಲ್‌ನಿಂದ ಆ ಆ್ಯಪ್ ತೆಗೆಯಿರಿ, ದತ್ತಾಂಶ ಹೇಗೂ ಯಂತ್ರದಲ್ಲಿ ಉಳಿಯುತ್ತದೆ ಎಂದೆ. "ಕೋಶ ಕೆಟ್ಟುಹೋದರೆ?" ಎಂದರು. "ರಾತ್ರಿ ಎರಡಕ್ಕೆ ಗೊತ್ತಾದರೆ ಏನು ಮಾಡುತ್ತೀರಿ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ನಕ್ಕರು.

ಮಾರ್ಗದರ್ಶಕರ ಬಳಿಗೆ ದೂರು ಹೊತ್ತು ಹೋಗಬೇಡಿ, ಅಳತೆಗಳ ಚಿತ್ರ ಬರೆದುಕೊಂಡು ಹೋಗಿ ಎಂಬುದು ಮುಖ್ಯ ಸಲಹೆ. ಎರಡೂ ದಿಕ್ಕಿನ ಅಳತೆ, ಸ್ಥಿರಗೊಂಡ ಮೇಲಿನ ವಿದ್ಯುತ್ ಉತ್ಪಾದನೆ, ಇಡೀ ಬ್ಯಾಚಿನ ಹರಹು ಎಲ್ಲ ಒಂದೇ ಪುಟದಲ್ಲಿರಲಿ. ಇಂಥ ವಿವರಗಳನ್ನು ಕಡ್ಡಾಯವಾಗಿ ಕೇಳುವ ಸಂಶೋಧನಾ ಪತ್ರಿಕೆಗಳಿವೆ. ಪತ್ರಿಕೆಯ ಪರವಾಗಿ ಪ್ರಬಂಧ ಪರಿಶೀಲಿಸುವ ವಿಮರ್ಶಕರು ಕೇಳುವ ಮೊದಲೇ ಕೊಟ್ಟುಬಿಡೋಣ ಎಂದು ಮಾತು ತೆಗೆಯಿರಿ. ಆಡಿದ್ದನ್ನು ಅಂದೇ ಇಮೇಲ್‌ನಲ್ಲಿ ನಾಲ್ಕು ಸಾಲು ಬರೆದು ಕಳುಹಿಸಿ. ನನ್ನೆದುರೇ ಒಮ್ಮೆ ಅಭ್ಯಾಸ ಮಾಡಿಸಿದೆ. ಪ್ರತಿ ವಾಕ್ಯವೂ "ಕ್ಷಮಿಸಿ ಸರ್" ಎಂದೇ ಶುರುವಾಗುತ್ತಿತ್ತು. ಅದನ್ನು ಬಿಡಿಸುವುದರಲ್ಲೇ ಅರ್ಧ ಭೇಟಿ ಕಳೆಯಿತು.

ಗುತ್ತಿಗೆ ಮುಗಿಯುವವರೆಗೆ ಕಾಯದೆ ಬೇರೊಬ್ಬ ಹಿರಿಯರಿಂದಲೂ ಶಿಫಾರಸು ಪತ್ರ ಕೇಳಿಡಿ ಎಂದೂ ಹೇಳಿದೆ.

ಮಾರ್ಗದರ್ಶಕರು ಮೊದಲು ಮುನಿಸಿಕೊಂಡರಂತೆ. ಕೊನೆಗೆ ಎರಡೂ ಅಳತೆಗಳು ಪ್ರಬಂಧಕ್ಕೆ ಹೋದವು, ಆದರೆ ಅನುಬಂಧದಲ್ಲಿ. ಮುಖ್ಯ ಚಿತ್ರದ ಬಗ್ಗೆ ಜಗ್ಗಾಟ ನಡೆದೇ ಇದೆ. ಗುತ್ತಿಗೆಯ ವಿಷಯ ತೀರ್ಮಾನವಾಗಿಲ್ಲ. ಪಿಎಚ್‌.ಡಿ. ಕಾಲದ ಹಿರಿಯರೊಬ್ಬರು ಪತ್ರ ಕೊಡಲು ಒಪ್ಪಿದ್ದಾರೆ.