ತಾಯಿ ಅಲ್ಲ, ತಾಈ

ಹೆಸರು, ಉದ್ಯೋಗ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಹುಡುಗನನ್ನು ಚಿನ್ಮಯ ಎನ್ನೋಣ. ಹನ್ನೊಂದು ವರ್ಷ, ಆರನೇ ತರಗತಿ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ತಂದೆಗೆ ಹುಬ್ಬಳ್ಳಿಗೆ ವರ್ಗವಾದ್ದರಿಂದ, ಧಾರವಾಡದಲ್ಲಿ ಒಬ್ಬರೇ ಇದ್ದ ಅಜ್ಜಿಯ ಮನೆಗೆ ಮೇ ತಿಂಗಳಲ್ಲಿ ಎಲ್ಲರೂ ಬಂದು ಸೇರಿದರು. ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ. ಇಲ್ಲಿ ಜೂನ್ ಒಂದಕ್ಕೇ ಗಂಟೆ ಬಾರಿಸಿತು. ಹದಿನೈದು ದಿನದ ರಜೆ ಕೈತಪ್ಪಿದ ಸಿಟ್ಟು ಹುಡುಗನಿಗೆ ಇನ್ನೂ ಆರಿಲ್ಲ.

ಜುಲೈ ಮೊದಲ ವಾರ ಮೂವರೂ ಸಲಹೆ ಕೇಳಲು ನನ್ನ ಬಳಿ ಬಂದಾಗ ತಾಯಿಯ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ನಡುವೆ ಗೆರೆ. ಎಡಕ್ಕೆ ಚಿನ್ಮಯ ಈಗಾಗಲೇ ಸೇರಿರುವ, ಊರ ಹೊರಗಿನ ಹೊಸ ಶಾಲೆ: ಸಿಬಿಎಸ್‌ಇ, ಈಜುಕೊಳ, ಪಾಲಕರಿಗೆಂದೇ ಮೊಬೈಲ್ ಆ್ಯಪ್. ಬಲಕ್ಕೆ ಟ್ರಸ್ಟ್ ನಡೆಸುವ ಹಳೆಯ ಶಾಲೆ: ರಾಜ್ಯ ಪಠ್ಯಕ್ರಮ, ಹೆಂಚಿನ ಕಟ್ಟಡ, ದೊಡ್ಡ ಮೈದಾನ, ಹುಡುಗನ ದೊಡ್ಡಪ್ಪ ಓದಿದ್ದು ಅಲ್ಲೇ. ಶುಲ್ಕ, ದೂರ, ತರಗತಿಗೆ ಎಷ್ಟು ಮಕ್ಕಳು ಎಂದು ಹದಿನಾಲ್ಕು ಸಾಲುಗಳಲ್ಲಿ ಎರಡಕ್ಕೂ ಅಂಕ ಕೊಟ್ಟಿದ್ದರು. ತೀರ್ಮಾನ ಮಾತ್ರ ಆಗಿರಲಿಲ್ಲ.

‘ಐದು ವಾರವಾಯಿತು ಮೇಡಂ, ಶಾಲೆಯಲ್ಲಿ ತುಟಿ ಬಿಚ್ಚುತ್ತಿಲ್ಲವಂತೆ. ಮನೆಯಲ್ಲಿ ಎಂದಿನಂತೆ ವಟವಟ ಮಾತನಾಡುತ್ತಾನೆ. ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಕೆಲವು ಕಡೆ ಮಾತ್ರ ಮಾತೇ ಹೊರಡದ ತೊಂದರೆ, ಇರಬಹುದೇ? ಈಗಲೇ ಆ ಶಾಲೆಗೆ ಬದಲಿಸಿಬಿಡೋಣವೇ?’

ಅಂತರ್ಜಾಲದಲ್ಲಿ ಓದಿಕೊಂಡು ಬಂದ ಪಾಲಕರ ಬಗ್ಗೆ ನನಗೆ ಬೇಸರವಿಲ್ಲ, ಅರ್ಧ ಕೆಲಸ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ಆ ಹೆಸರನ್ನು ಹಚ್ಚುವುದಕ್ಕೆ ಕಟ್ಟಳೆಗಳಿವೆ. ಮೌನ ಕನಿಷ್ಠ ಒಂದು ತಿಂಗಳು ಇರಬೇಕು, ಶಾಲೆಯ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅಲ್ಲಿನ ಭಾಷೆ ಬಾರದೆ ಹುಟ್ಟಿದ ಮೌನವೂ ಆಗಿರಬಾರದು. ಐದು ವಾರಕ್ಕೆ ನಾನು ಯಾವ ಹೆಸರನ್ನೂ ಹಚ್ಚುವುದಿಲ್ಲ ಎಂದೆ. ದಸರೆ ರಜೆಯ ನಂತರವೂ ಹೀಗೇ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರಿಗೆ ತೋರಿಸೋಣ ಎಂದು ಹೇಳಿ ತಂದೆ ತಾಯಿ ಇಬ್ಬರನ್ನೂ ಹೊರಗೆ ಕೂರಿಸಿದೆ.

ಚಿನ್ಮಯ ನನ್ನ ಮೇಜಿನ ಮೇಲಿನ ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಕೋದು ಸರ ಮಾಡುತ್ತಾ ಕುಳಿತ. ಪುಣೆಯ ಶಾಲೆಯಲ್ಲಿ ಟೀಚರನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿದೆ. ಸುಮ್ಮನೆ ಕೇಳಿದ ಪ್ರಶ್ನೆ. ಅವನ ಕೈ ನಿಂತಿತು.

‘ತಾಈ’ ಎಂದ.

ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಅವನಿದ್ದ ಶಾಲೆಯಲ್ಲಿ ಶಿಕ್ಷಕಿಯರೆಲ್ಲ ತಾಈ, ಶಿಕ್ಷಕರೆಲ್ಲ ದಾದಾ. ಇಲ್ಲಿಗೆ ಬಂದ ಮೂರನೆಯ ದಿನ ಗಣಿತದ ತರಗತಿಯಲ್ಲಿ ಏನೋ ಅರ್ಥವಾಗದೆ ಕೈಯೆತ್ತಿ ‘ತಾಈ’ ಎಂದು ಕೂಗಿದ್ದಾನೆ. ತರಗತಿಗೆ ಕೇಳಿಸಿದ್ದು ‘ತಾಯೀ’. ಬಾಗಿಲಲ್ಲಿ ನಿಂತ ಭಿಕ್ಷುಕರು ಕೂಗುವ ತಾಯೀ. ಹಿಂದಿನ ಬೆಂಚಿನ ಹುಡುಗನೊಬ್ಬ ಅಂಗೈ ಚಾಚಿ, ಕೊರಳು ಓರೆ ಮಾಡಿ, ಅದೇ ರಾಗದಲ್ಲಿ ಕೂಗಿದ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀಚರಿಗೂ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಅವನನ್ನು ನಿಲ್ಲಿಸಿ ‘ಮ್ಯಾಮ್’ ಎಂದು ಮೂರು ಸಲ ಹೇಳಿಸಿದರಂತೆ. ಅಂದಿನಿಂದ ಹಾಜರಿ ಕೂಗಿದಾಗಲೂ ಬರೀ ಕೈಯೆತ್ತುತ್ತಾನೆ.

ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಅವನ ಒಪ್ಪಿಗೆ ಪಡೆದು ತಂದೆ ತಾಯಿಯನ್ನು ಒಳಗೆ ಕರೆದೆ. ತಂದೆ ನಕ್ಕುಬಿಟ್ಟರು, ಮಗನ ಮುಖ ನೋಡಿ ನಿಲ್ಲಿಸಿದರು. ತಾಯಿ ನೋಟ್‌ಬುಕ್ ತೆರೆದು ಮತ್ತೆ ಮುಚ್ಚಿದರು.

ಊರು ಬದಲಿಸಿ ಬರುವ ಕುಟುಂಬಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಶಾಲೆಗಳನ್ನು ಇರುವ ವಸ್ತುಗಳಿಂದ ಅಳೆಯುತ್ತಾರೆ. ಶಾಲೆಯ ಸಂಸ್ಕೃತಿ ಕಾಣುವುದು ಮಗುವೊಂದು ಎಡವಿದ ಮುಂದಿನ ಎರಡು ನಿಮಿಷದಲ್ಲಿ: ಯಾರು ನಕ್ಕರು, ದೊಡ್ಡವರು ಏನು ಮಾಡಿದರು, ಮರುದಿನ ಯಾರಿಗಾದರೂ ಅದು ನೆನಪಿತ್ತೇ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಸಾಲಿರಲಿಲ್ಲ. ಹಾಗೆಂದು ಹೊಸ ಶಾಲೆ ಕೆಟ್ಟದ್ದು, ಹಳೆಯದು ಒಳ್ಳೆಯದು ಎಂದೂ ನಾನು ಹೇಳಲಿಲ್ಲ. ಹಳೆಯದನ್ನು ಅವರು ಇನ್ನೂ ಒಳಹೊಕ್ಕು ನೋಡಿಯೇ ಇರಲಿಲ್ಲ. ತಂದೆಯ ಬಾಯಲ್ಲಿದ್ದದ್ದು ಅಣ್ಣ ಹೇಳಿದ ನಲವತ್ತು ವರ್ಷ ಹಿಂದಿನ ಶಾಲೆ.

ಮೊದಲು ಹೇಳಿದ್ದು: ಒಂದು ತಿಂಗಳು ಬದಲಾವಣೆಯ ಮಾತು ಬೇಡ. ನಡುವರ್ಷ ಬಿಟ್ಟರೆ ಟಿ.ಸಿ., ಮಕ್ಕಳ ದಾಖಲೆ ಇಡುವ ಸರಕಾರಿ ಜಾಲತಾಣ ಸ್ಯಾಟ್ಸ್‌ನಲ್ಲಿ ವರ್ಗಾವಣೆ, ಕಟ್ಟಿದ ಶುಲ್ಕ ಎಲ್ಲ ತಾಪತ್ರಯವೇ. ಅದಕ್ಕಿಂತ ದೊಡ್ಡ ಮಾತೆಂದರೆ, ಎರಡು ತಿಂಗಳೊಳಗೆ ಎರಡನೆಯ ಸಲ ಅವನು ಹೊಸಬನಾಗುತ್ತಾನೆ.

ಆ್ಯಪ್‌ನಲ್ಲಿ ದೂರು ಬರೆಯಬೇಡಿ ಎಂದೂ ಹೇಳಿದೆ. ತಾಯಿ ಆಗಲೇ ಒಮ್ಮೆ ಬರೆದಾಗಿತ್ತು. ‘ಗಮನಿಸಲಾಗಿದೆ’ ಎಂಬ ಉತ್ತರವೂ ಬಂದಿತ್ತು. ಶಾಲೆ ಬಿಡುವ ಹೊತ್ತಿಗೆ ತರಗತಿ ಶಿಕ್ಷಕಿಯನ್ನೇ ಹೋಗಿ ಕಾಣಿ, ಆರೋಪ ಹೊರಿಸಬೇಡಿ, ತಾಈ ಎಂದರೆ ಏನು ಎಂಬುದನ್ನಷ್ಟೇ ತಿಳಿಸಿ, ಮುಂದೆ ಏನು ಮಾಡುತ್ತೀರಿ ಎಂದು ಕೇಳಿ. ಆ ಉತ್ತರವೇ ನಿಮ್ಮ ಹದಿನೈದನೆಯ ಸಾಲು ಎಂದೆ. ಹೋಗುವಾಗ ಅರ್ಧ ಗಂಟೆ ಮೊದಲೇ ಹೋಗಿ ಗೇಟಿನ ಬಳಿ ನಿಲ್ಲಲು ಹೇಳಿದೆ. ಬಸ್ಸಿನ ಆಯಾಳನ್ನು ಮಕ್ಕಳು ಹೇಗೆ ಕರೆಯುತ್ತಾರೆ, ತಡವಾಗಿ ಬರುವ ಪಾಲಕರ ಮಗುವಿನ ಜೊತೆ ಯಾರು ನಿಂತಿರುತ್ತಾರೆ, ಅಲ್ಲಿ ತಿಳಿಯುತ್ತದೆ.

ಕನ್ನಡದ ವಿಷಯವನ್ನು ತಾಯಿಯೇ ಎತ್ತಿದರು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಒಂದು ಭಾಷೆಯಾಗಿ ಇರಲೇಬೇಕು. 2017-18ರಿಂದ ಅದು ಒಂದನೇ ತರಗತಿಯಿಂದ ಮೇಲಕ್ಕೆ ವರ್ಷಕ್ಕೊಂದರಂತೆ ಜಾರಿಗೆ ಬಂದಿದೆ. ಹುಡುಗ ಮನೆಯಲ್ಲಿ ಚೊಕ್ಕ ಧಾರವಾಡ ಕನ್ನಡ ಆಡುತ್ತಾನೆ, ಒಂದಕ್ಷರ ಓದಲು ಬಾರದು. ವಿನಾಯಿತಿ ಕೇಳೋಣವೇ ಎಂದರು. ಬೇಡವೆಂದೆ. ಮರಾಠಿ ಓದಬಲ್ಲ ಹುಡುಗ ಕನ್ನಡವನ್ನು ಸೊನ್ನೆಯಿಂದ ಕಲಿಯುತ್ತಿಲ್ಲ. ಕ ಖ ಗ ಘ ಅದೇ ಸಾಲು, ಳಕಾರ ಅಲ್ಲಿಯೂ ಉಂಟು. ಬದಲಾಗುವುದು ಆಕಾರ. ತೊಡಕಿರುವುದು ಎರಡು ಕಡೆ. ಮರಾಠಿಯಲ್ಲಿ ಅರ್ಧ ಅಕ್ಷರ ಪಕ್ಕಕ್ಕೆ ಕೂರುತ್ತದೆ, ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತದೆ. ಇನ್ನೊಂದು, ಎ ಏ, ಒ ಓ ಎಂಬ ಹ್ರಸ್ವ ದೀರ್ಘ ಬೇರೆಯಾಗಿ ಬರೆದು ಅವನಿಗೆ ರೂಢಿಯಿಲ್ಲ. ಟ್ಯೂಷನ್ ಬೇಡ, ಅಜ್ಜಿಗೆ ವಹಿಸಿ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದೆ. ಅಜ್ಜಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಅವನು ಮೊದಲ ವಾರ ಬರೆದದ್ದು ‘ತೊಗರಿ ಬೆಳೆ’. ಅದನ್ನು ತೆಗೆಯದೆ, ಪಕ್ಕದಲ್ಲೇ ‘ಬೇಳೆ’ ಎಂದು ಬರೆದು ಅಂಟಿಸಿದರಂತೆ. ಆ ಅಜ್ಜಿಯನ್ನು ಯಾವುದಾದರೂ ಶಾಲೆಗೆ ಕಳಿಸಬೇಕು ಎಂದು ನನಗೆ ಅನಿಸಿತು.

ಎರಡನೆಯ ಭೇಟಿಗೆ ತಂದೆ ಒಬ್ಬರೇ ಬಂದರು. ಹಳೆಯ ಶಾಲೆಯನ್ನು ಮಗನೊಂದಿಗೆ ನೋಡಿ ಬಂದಿದ್ದರು. ಮುಖ್ಯೋಪಾಧ್ಯಾಯರು ಕಳೆದ ವರ್ಷ ಗೋವಾದಿಂದ ಬಂದ ಹುಡುಗಿಯನ್ನು ಕರೆಸಿ ‘ಇವನಿಗೆ ಶಾಲೆ ತೋರಿಸವ್ವಾ’ ಎಂದರಂತೆ. ಅರ್ಧ ಗಂಟೆ ಇಬ್ಬರೂ ಮೈದಾನದಲ್ಲೆಲ್ಲ ಅಲೆದರಂತೆ. ನನಗೂ ಇಷ್ಟವಾಯಿತು. ಆದರೆ ಆರನೇ ತರಗತಿಗೆ ‘ಒಂದು ಚಿಕ್ಕ ಪ್ರವೇಶ ಪರೀಕ್ಷೆ’ ಇದೆ ಎಂದಿದ್ದಾರೆ. ಸಿಬ್ಬಂದಿ ಕೋಣೆಯ ಮೇಜಿನ ಮೇಲೆ ಸ್ಟೀಲಿನ ಸ್ಕೇಲ್ ಇತ್ತು, ಅದು ಗೆರೆ ಎಳೆಯಲಿಕ್ಕಲ್ಲ ಎಂದು ತಂದೆಯೇ ನಗುತ್ತಾ ಹೇಳಿದರು.

‘ನಾವೂ ಹೊಡೆತ ತಿಂದೇ ಬೆಳೆದವರಲ್ಲವೇ ಮೇಡಂ?’

ಈ ಮಾತಿಗೆ ನಾನು ನಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶಕ್ಕೆ ಮಗುವನ್ನು ಸೋಸುವ ಪರೀಕ್ಷೆಯನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ 25 ಸಾವಿರ ರೂಪಾಯಿಯವರೆಗೆ ದಂಡವಿದೆ. 17ನೇ ಕಲಂ ಮೈಗೆ ಕೊಡುವ ಶಿಕ್ಷೆ, ಮನಸ್ಸಿಗೆ ಕೊಡುವ ಕಿರುಕುಳ ಎರಡನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಅಂದರೆ ಆ ಸ್ಕೇಲೂ ಅಲ್ಲಿ ಬರುತ್ತದೆ, ಮೂರು ಸಲದ ಮ್ಯಾಮ್ ಕೂಡ ಅದರ ಅಂಚಿನಲ್ಲೇ ಇದೆ. ಎರಡನ್ನೂ ಸರಿಪಡಿಸಬಹುದು, ಆದರೆ ಸ್ಕೇಲನ್ನು ನೋಡಿ ನಗುವ ತಂದೆ ಅದನ್ನು ಸರಿಪಡಿಸಿ ಎಂದು ಕೇಳಲಾರರು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಸ್ವಲ್ಪ ಕೆಂಪಾದರು, ಎದ್ದು ಹೋಗಲಿಲ್ಲ.

ಹೊಸ ಶಾಲೆಯ ಟೀಚರ್‌ಗೆ ತಾಈ ಎಂಬ ಮಾತಿನ ಅರ್ಥ ನಿಜವಾಗಿಯೂ ತಿಳಿದಿರಲಿಲ್ಲ. ತಾಯಿ ಹೇಳಿದಾಗ ಹಣೆ ಚಚ್ಚಿಕೊಂಡರಂತೆ. ಮರುವಾರ ಯಾರ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತೀರಿ ಎಂದು ತರಗತಿಯಲ್ಲಿ ಕೇಳುತ್ತಾ ಬಂದು, ಚಿನ್ಮಯನ ಸರದಿಗೆ ಬೋರ್ಡಿನ ಮುಂದೆ ಕರೆದಿದ್ದಾರೆ. ತಾಈ, ದಾದಾ, ಮಾವಶಿ (ತಾಯಿಯ ಅಕ್ಕತಂಗಿ), ಕಾಕು (ಚಿಕ್ಕಪ್ಪನ ಹೆಂಡತಿ) ಎಂದು ದೇವನಾಗರಿಯಲ್ಲಿ ಬರೆದನಂತೆ. ಕಾಕು ಎಂದು ಓದಿ ಹೇಳಿದ್ದೇ ತಡ, ನಾಲ್ಕೈದು ಕಡೆಯಿಂದ ‘ನಮ್ಮ ಮನೆಯಲ್ಲೂ ಕಾಕು’ ಎಂಬ ಕೂಗೆದ್ದಿತು. ಧಾರವಾಡವಲ್ಲವೇ.

ಆಗಸ್ಟ್ ಕೊನೆಗೆ ಬಂದಾಗ ಹಾಜರಿಗೆ ಬಾಯಿ ತೆರೆಯುತ್ತಿದ್ದ. ಕನ್ನಡದ ಕಿರುಪರೀಕ್ಷೆಯಲ್ಲಿ 20ಕ್ಕೆ 9. ಹಿಂದಿನ ಬೆಂಚಿನ ಹುಡುಗ ಈಗಲೂ ಆಗಾಗ ಅಂಗೈ ಚಾಚಿ ‘ತಾಯೀ’ ಎನ್ನುತ್ತಾನಂತೆ. ಒಮ್ಮೆ ಇವನು ಅದರಲ್ಲಿ ಎಂಟಾಣೆ ಇಟ್ಟನಂತೆ. ಅಜ್ಜಿಯ ಡಬ್ಬಿಯದು, ಈಗ ಅಂಗಡಿಗಳಲ್ಲಿ ಯಾರೂ ತೆಗೆದುಕೊಳ್ಳದ ನಾಣ್ಯ. ಅವನು ಇಸಿದುಕೊಂಡನಂತೆ, ವಾಪಸು ಕೊಟ್ಟಿಲ್ಲವಂತೆ.

ತಾಯಿ ನೋಟ್‌ಬುಕ್ ತಂದಿದ್ದರು. ಬಲಗಡೆಯ ಶಾಲೆಯನ್ನು ಹೊಡೆದುಹಾಕಿರಲಿಲ್ಲ, ಮುಂದಿನ ಏಪ್ರಿಲ್‌ವರೆಗೆ ಇರಲಿ ಎಂದರು. ಇರಲಿ ಎಂದೆ ನಾನೂ. ಚಿನ್ಮಯನ ತಕರಾರೇ ಬೇರೆ. ಪುಣೆಯಲ್ಲಿ ದೀಪಾವಳಿಗೆ ಉದ್ದ ರಜೆ, ಇಲ್ಲಿ ದಸರೆಗೆ ಕೊಟ್ಟು ದೀಪಾವಳಿಗೆ ಎರಡು ಮೂರು ದಿನ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ, ಪಟಾಕಿ ಯಾವಾಗ ಹೊಡೆಯಬೇಕು ಎಂದು ನನ್ನನ್ನೇ ಕೇಳಿದ. ಅದಕ್ಕೆ ನನ್ನಲ್ಲಿ ಸಲಹೆ ಇರಲಿಲ್ಲ.