ಪಕ್ಕದಲ್ಲಿ ಕೂರುವವರಿಗೆ ಮೊದಲು ಹೇಳಿ

ಮೂರ್ಛೆರೋಗ ಇರುವುದನ್ನು ಹೊಸ ಕೆಲಸದಲ್ಲಿ ಎಲ್ಲರಿಗೂ ಹೇಳಬೇಕಾ ಅಂತ ಕೇಳಿದ್ದೀರಿ. ಎಲ್ಲರಿಗೂ ಬೇಡ. ಫಿಟ್ಸ್ ಬಂದರೆ ಹತ್ತಿರ ಇರುವವರು ಯಾರು? ಅವರಿಗೆ ಮೊದಲು ಹೇಳಿ.

ನನಗೂ ಇದೇ ಕಾಯಿಲೆ. ಪಕ್ಕದ ಟೇಬಲ್‌ನವರಿಗೆ ಕಾಯಿಲೆಯ ಕಥೆಗಿಂತ, ಏನು ಮಾಡಬೇಕು ಅನ್ನೋದನ್ನೇ ಜಾಸ್ತಿ ಹೇಳಿದ್ದೇನೆ. ಒತ್ತಿ ಹಿಡಿಯಬೇಡಿ, ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತಗಿನದು ಏನಾದರೂ ಇಡಿ. ಬಾಯಿಗೆ ಏನೂ ತುರುಕಬೇಡಿ, ನೀರೂ ಬೇಡ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

‘ನೋಡೋಕೆ ಚೆನ್ನಾಗೇ ಇದ್ದೀರಲ್ಲ’ ಅನ್ನುವವರಿಗೆ ವಿವರಿಸುತ್ತಾ ಸುಮ್ನೆ ಸುಸ್ತಾಗಬೇಡಿ. ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಬಿಚ್ಚುವವರಿಗಂತೂ ಹೇಳಲೇಬೇಡಿ. ಆದರೆ ಗಾಡಿ ಓಡಿಸುವುದು, ಎತ್ತರಕ್ಕೆ ಹತ್ತುವುದು, ಯಂತ್ರದ ಮುಂದೆ ನಿಲ್ಲುವುದು ನಿಮ್ಮ ಕೆಲಸವಾದರೆ ಮೇಲಧಿಕಾರಿಗಳಿಗೂ ತಿಳಿಸಿ. ಅಲ್ಲಿ ಮುಚ್ಚಿಟ್ಟರೆ ಜೀವಕ್ಕೇ ಅಪಾಯ.